ರಿಂಗಿನ ಕೆಳಗೆ ನಿಲ್ಲಿಸಿದ ಹುಡುಗಿ

ಹೋದ ವರ್ಷ ಭಾದ್ರಪದದಲ್ಲಿ ಕಲಬುರಗಿಯಿಂದ ವಿಜಯಪುರಕ್ಕೆ ಹೊರಟಿದ್ದೆ. ಜೇವರ್ಗಿ ಇನ್ನೇನು ಬಂತು ಅನ್ನುವಾಗ ಬಸ್ಸು ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಹೆಸರಿನ ಗಿಡಗಳನ್ನು ಹರವಿದ್ದರು, ಹೋಗಿಬರುವ ಗಾಡಿಗಳೇ ಮೇಲೆ ಹಾಯ್ದು ಕಾಳು ಬಿಡಿಸಿಕೊಡಲಿ ಎಂದು. ಬೆಳಿಗ್ಗೆ ಸಣ್ಣದೊಂದು ಮಳೆ ಬಿದ್ದುಹೋಗಿತ್ತು. ಒದ್ದೆ ಹೊಟ್ಟಿನ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಎಷ್ಟ್ ಛಂದ ವಾಸನಿ ಅದ ಅಲ್ರಿ" ಅಂದಳು. ನನ್ನ ಹಲ್ಲು ಕಚ್ಚಿಕೊಂಡಿದ್ದವು. ಈ ವಾಸನೆಗೆ ಉಳಿದವರಿಗೆ ತವರು ನೆನಪಾಗಬಹುದು, ಸುಗ್ಗಿ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಅದು ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ ಎಂಬುದು ಆವತ್ತು ಬಸ್ಸಿನಲ್ಲಿ ನನಗೇ ಗೊತ್ತಾಯಿತು.

ಎಂಬತ್ತರ ದಶಕದ ನಡುಭಾಗ. ಧಾರವಾಡದಲ್ಲಿ ಎಂ.ಎ. ಮುಗಿಸಿ ಜೇವರ್ಗಿಯ ಒಂದು ಜೂನಿಯರ್ ಕಾಲೇಜಿಗೆ ಇತಿಹಾಸ ಕಲಿಸಲು ಬಂದಿದ್ದೆ. ಸಂಸ್ಥೆಯೊಂದು ನಡೆಸುತ್ತಿದ್ದ ಕಾಲೇಜು. ಊರಿನ ವ್ಯಾಪಾರಸ್ಥರು, ಜಮೀನುದಾರರು ಅದರ ಕಮಿಟಿಯಲ್ಲಿದ್ದರು. ಕಟ್ಟಡದ ಹಿಂದೆ, ಯಾವ ಪುಣ್ಯಾತ್ಮ ಮಾಡಿಸಿದ್ದನೋ, ಒಂದು ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳವಿತ್ತು. ಎರಡು ಕಬ್ಬಿಣದ ಕಂಬ, ಬಣ್ಣ ಹೋದ ಹಲಗೆ, ಜಾಳಿಗೆಯಿಲ್ಲದ ರಿಂಗು. ಅದನ್ನು ನೋಡಿದ ದಿನ ನನಗೆ ಜೇವರ್ಗಿ ಒಗ್ಗಿಹೋಯಿತು.

ನಾನು ಆಟಗಾರ್ತಿಯಲ್ಲ. ನನ್ನ ಎತ್ತರ ನೋಡಿದ ಯಾರೂ ನನ್ನ ಕೈಗೆ ಚೆಂಡು ಕೊಡುತ್ತಿರಲಿಲ್ಲ. ಆದರೆ ಧಾರವಾಡದಲ್ಲಿ ನಾನಿದ್ದ ಹಾಸ್ಟೆಲ್ಲಿನ ಕಿಟಕಿಯ ಕೆಳಗೇ ಅಂಗಳವಿತ್ತು. ಅಷ್ಟೂ ವರ್ಷ ಸಂಜೆ ಆ ಕಿಟಕಿಯಲ್ಲಿ ಕೂತು ಆಟ ನೋಡಿದೆ. ಹುಚ್ಚು ಹಿಡಿದಂತೆ ನೋಡಿದೆ. ಮೇಲಿನಿಂದ ನೋಡಿದವರಿಗೆ ಒಂದು ಲಾಭವುಂಟು: ಚೆಂಡಿನ ಹಿಂದೆ ಕಣ್ಣು ಓಡುವುದಿಲ್ಲ, ಚೆಂಡಿಲ್ಲದವರು ಏನು ಮಾಡುತ್ತಿದ್ದಾರೆ ಎಂಬುದು ಕಾಣುತ್ತದೆ. ಗೆಲ್ಲುವ ತಂಡದಲ್ಲಿ ಚೆಂಡಿಲ್ಲದವರ ಕಾಲು ಸುಮ್ಮನಿರುವುದಿಲ್ಲ. ಸೋಲುವ ತಂಡದಲ್ಲಿ ಅವರು ನಿಂತು ನೋಡುತ್ತಿರುತ್ತಾರೆ. ಬುಟ್ಟಿ ಹಾಕಿದವರಿಗೆ ಚಪ್ಪಾಳೆ ಬೀಳುತ್ತದೆ. ಹಾಕಗೊಡದವರನ್ನು ಯಾರೂ ನೋಡುವುದೇ ಇಲ್ಲ. ಈ ಅನ್ಯಾಯ ನನ್ನನ್ನು ಆಗಲೇ ಕೆರಳಿಸಿತ್ತು. ಅದರ ಪೂರ್ತಿ ರೂಪ ಜೇವರ್ಗಿಯಲ್ಲಿ ಕಂಡಿತು.

ಮಹಾನಂದಾ ಪಿಯುಸಿ ಮೊದಲ ವರ್ಷದಲ್ಲಿದ್ದಳು. ತರಗತಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದ ಹುಡುಗಿ. ಬಾಗಿಲು ಅಷ್ಟು ತಗ್ಗಿರಲಿಲ್ಲ, ತಗ್ಗಿಸುವುದು ಆಕೆಗೆ ಅಭ್ಯಾಸವಾಗಿಬಿಟ್ಟಿತ್ತು. ಕೊನೆಯ ಬೆಂಚು, ಬಾಗಿದ ಬೆನ್ನು, ಕೇಳಿದರೂ ಕೇಳದಂಥ ಧ್ವನಿ. ತಂದೆ ವೀರಭದ್ರಪ್ಪನವರು ಊರಿನ ದೊಡ್ಡ ಅಡತಿ ವ್ಯಾಪಾರಿ, ರೈತರ ಕಾಳುಕಡಿ ಕೊಂಡು ಮಾರುವವರು, ಕಾಲೇಜು ಕಮಿಟಿಯ ಸದಸ್ಯರು. ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಇಂಥ ಮನೆಯ ಹುಡುಗಿಯನ್ನೂ ಕಾಲೇಜಿನ ಜವಾನ ಕೂಡ ಬಿಡುತ್ತಿರಲಿಲ್ಲ: "ಮಹಾನಂದಾ, ಜರಾ ಬಾರವಾ, ಆ ಗಡಿಯಾರ ಇಳಸ್ಕೊಡು." ಆಗಸ್ಟ್ ಹದಿನೈದಕ್ಕೆ ಬಣ್ಣದ ಕಾಗದ ಕಟ್ಟಲು ಮಹಾನಂದಾ. ಕಪಾಟಿನ ಮೇಲಿನ ನಕಾಶೆ ತೆಗೆಯಲು ಮಹಾನಂದಾ. ಆಕೆ ನಕ್ಕು ಮಾಡಿಕೊಡುತ್ತಿದ್ದಳು. ಆ ನಗು ನನಗೆ ಸಹಿಸಲಾಗುತ್ತಿರಲಿಲ್ಲ.

ಜೂನ್ ಕೊನೆಯಲ್ಲಿ ಹುಡುಗಿಯರ ಆಟ ನೋಡಲು ಹೋದೆ. ಗುರುಲಿಂಗಪ್ಪ ಎನ್ನುವವರು ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು, ಎಲ್ಲರ ಬಾಯಲ್ಲಿ ಪಿ.ಡಿ. ಸರ್. ಒಂದು ಕಾಲದಲ್ಲಿ ಒಳ್ಳೆಯ ಕಬಡ್ಡಿ ಆಟಗಾರರಂತೆ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಕೊರಳಲ್ಲಿ ಸೀಟಿ, ಕೈಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಬಾಸ್ಕೆಟ್‌ಬಾಲ್ ಬಗ್ಗೆ ಅವರ ತಲೆಯಲ್ಲಿದ್ದದ್ದು ಒಂದೇ ಉಪಾಯ. ಮಹಾನಂದಾ ರಿಂಗಿನ ಕೆಳಗೆ ನಿಲ್ಲಬೇಕು. ಉಳಿದವರು ಆಕೆಗೆ ಚೆಂಡು ಎಸೆಯಬೇಕು. ಆಕೆ ಹಾಕಬೇಕು. ಮುಗಿಯಿತು.

ಆಕೆ ನಿಂತೇ ಇದ್ದಳು, ದೀಪದ ಕಂಬದ ಹಾಗೆ. ಎದುರಿನ ತಂಡದ ರಿಂಗಿನ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ನಿಂತರೆ ಚೆಂಡು ಅವರ ಪಾಲಾಗುತ್ತದೆ ಎಂಬ ನಿಯಮವನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಮೇಲೆ ಹಿಡಿದ ಚೆಂಡನ್ನು ಆಕೆ ಸೊಂಟದವರೆಗೆ ಇಳಿಸುತ್ತಿದ್ದಳು, ಶಾಹೀನ್ ಎಂಬ ಪುಟ್ಟ ಚುರುಕು ಹುಡುಗಿ ಕೆಳಗಿನಿಂದ ಅದನ್ನು ಕಿತ್ತುಕೊಂಡು ಓಡುತ್ತಿದ್ದಳು. ದೇವರು ಕೊಟ್ಟ ಅಷ್ಟು ಎತ್ತರವನ್ನು ತಾನೇ ಕಳೆದು ಕುಳ್ಳರ ಕೈಗೆ ಕೊಟ್ಟ ಹಾಗೆ! ಇನ್ನು ತಡೆಯುವ ಸರದಿ ಬಂದಾಗ ಕಾಲು ಅಲುಗುತ್ತಿರಲಿಲ್ಲ, ಕೈ ಮಾತ್ರ ಬೀಸುತ್ತಿತ್ತು. ಬೀಸಿದ ಕೈ ಎದುರಿನವಳ ಮೊಣಕೈಗೆ ಬೀಳುತ್ತಿತ್ತು. ಸೀಟಿ. ಫೌಲ್.

"ಹೋದ ವರ್ಷ ಆಳಂದದಾಗ ಹಿಂಗ ಆತ್ರಿ ಮೇಡಂ," ಎಂದು ಶಾಹೀನ್ ಆಮೇಲೆ ಹೇಳಿದಳು. ಇಬ್ಬರೂ ಆಗ ಹೈಸ್ಕೂಲಿನಲ್ಲಿದ್ದರಂತೆ. "ಆಟ ಅರ್ಧಾ ಆಗೂದ್ರಾಗ ಐದ್ ಫೌಲ್ ಮಾಡಿ ಹೊರಗ ಬಂದ್ಳು. ಹುಡುಗೂರೆಲ್ಲ 'ಏಣಿ, ಏಣಿ' ಅಂತ ಒದರಿದ್ರು. ಬಸ್ಸಿನ್ಯಾಗ ಊರ ಬರೂತನಕ ಮುಖದ ಮ್ಯಾಲಿನ ದುಪಟ್ಟಾ ತೆಗಿಲಿಲ್ಲ ನೋಡ್ರಿ."

ನಾನು ಪಿ.ಡಿ. ಸರ್ ಹತ್ತಿರ ಹೋದೆ. ವಿನಯದಿಂದಲೇ ಹೋದೆ. ಎತ್ತರದ ಹುಡುಗಿಗೆ ಮೊದಲು ಕಾಲು ಕಲಿಸಬೇಕು, ಒಂದು ಕಾಲು ಊರಿ ಇನ್ನೊಂದರ ಮೇಲೆ ತಿರುಗುವುದು ಕಲಿಸಬೇಕು, ಹಿಡಿದ ಚೆಂಡನ್ನು ಗದ್ದಕ್ಕಿಂತ ಕೆಳಗೆ ಇಳಿಸದಂತೆ ಮಾಡಬೇಕು ಎಂದೆ. ಅವರು ಪೇಪರ್ ಮಡಚಲಿಲ್ಲ.

"ಮೇಡಂ, ನೀವು ಆಡೀರೇನ್ರಿ?"

"ಇಲ್ಲ. ನೋಡೀನಿ."

"ನೋಡೂದು ಎಲ್ಲಾರೂ ನೋಡ್ತಾರ್ರಿ. ಆಕಿಗಿ ಎತ್ತರ ಅದ. ಮತ್ತೇನ್ ಬೇಕು?"

ಮತ್ತೇನು ಬೇಕು! ಈ ಪ್ರಶ್ನೆಗೆ ಉತ್ತರವಾಗಿ ಒಂದು ಇಡೀ ಮಳೆಗಾಲ ಹೋಯಿತು. ಮರುದಿನದಿಂದ ಬೆಳಿಗ್ಗೆ ಕಾಲೇಜು ಶುರುವಾಗುವ ಮೊದಲು ನಾನೇ ಅಂಗಳಕ್ಕೆ ಹೋದೆ. ಪ್ರಿನ್ಸಿಪಾಲರು ಬೇಡವೆನ್ನಲಿಲ್ಲ, ಬೆಳಗಿನ ಹೊತ್ತು ಪಿ.ಡಿ. ಸರ್ ಏಳುತ್ತಲೂ ಇರಲಿಲ್ಲ. ನಿಂತು ಹೇಳುವುದಷ್ಟೇ ನನ್ನ ಕೆಲಸ. ಸೀರೆಯುಟ್ಟ ಕುಳ್ಳ ಹೆಂಗಸು ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತಂತೆ ಮಂಡಿ ಬಗ್ಗಿಸಿ ಅಡ್ಡಡ್ಡ ಸರಿಯುವುದನ್ನು ತೋರಿಸಿದಾಗ ಹುಡುಗಿಯರು ನೆಲಕ್ಕೆ ಬಿದ್ದು ನಕ್ಕರು. ನಗಲಿ ಎಂದು ಮತ್ತೆ ತೋರಿಸಿದೆ. ತಡೆಯುವವರು ಹಿಂದಕ್ಕೆ ಓಡಬಾರದು, ಸರಿಯಬೇಕು. ಕಾಲಿಗೆ ಕಾಲು ಅಡ್ಡ ಬರಬಾರದು. ಕೈ ಮುಂದಕ್ಕಲ್ಲ, ನೇರ ಮೇಲಕ್ಕೆ. ಮೇಲೆತ್ತಿದ ಕೈ ಯಾರನ್ನೂ ಹೊಡೆಯುವುದಿಲ್ಲ, ಆದರೆ ಎದುರಿನವಳಿಗೆ ರಿಂಗು ಕಾಣದಂತೆ ಮಾಡುತ್ತದೆ. ಯಾರಾದರೂ ಬುಟ್ಟಿಗೆ ಎಸೆದರೆ ಚೆಂಡನ್ನು ನೋಡುತ್ತ ನಿಲ್ಲಬೇಡಿ. ಮೊದಲು ನಿಮ್ಮ ಪಾಲಿನ ಹುಡುಗಿಯನ್ನು ಹುಡುಕಿ, ಆಕೆಗೆ ಬೆನ್ನು ಕೊಟ್ಟು ಅಡ್ಡ ನಿಲ್ಲಿ, ಆಮೇಲೆ ಮೇಲೆ ನೋಡಿ.

"ಚೆಂಡ ನೋಡದ ಹ್ಯಾಂಗ ಇರೂದ್ರಿ ಮೇಡಂ?" ಮಹಾನಂದಾ ಮೆಲ್ಲಗೆ ಕೇಳಿದಳು. ಆಕೆ ನನಗೆ ಕೇಳಿದ ಮೊದಲ ಪ್ರಶ್ನೆ ಅದು.

"ಚೆಂಡು ಎಲ್ಲಿಗೂ ಹೋಗೂದಿಲ್ಲ. ಕೆಳಗ ಬಂದೇ ಬರ್ತದ. ಬಂದಾಗ ನಿನ್ನ ಮುಂದ ಯಾರೂ ಇರಬಾರದು, ಅಷ್ಟ."

ಆಕೆ ಅದನ್ನು ಬಹಳ ಹೊತ್ತು ಯೋಚಿಸಿದಳು. ಬೇಗ ಕಲಿಯುವ ಹುಡುಗಿಯಲ್ಲ, ಆದರೆ ಕಲಿತದ್ದನ್ನು ಬಿಡುತ್ತಿರಲಿಲ್ಲ. ನನ್ನ ಎಲ್ಲ ಉಪಾಯಗಳೂ ಸರಿಯಾಗಿದ್ದವು ಅಂತಲೂ ಅಲ್ಲ. ಎತ್ತರದವಳು ಹೊರಗೆ ಹೋಗಿ ದೂರದಲ್ಲೇ ತಡೆಯಲಿ ಎಂದು ಕೆಲವು ದಿನ ಆಡಿಸಿದೆ. ಶಾಹೀನ್ ಹಿಂದಿನಿಂದ ನುಸುಳಿ ಬುಟ್ಟಿಯ ಮೇಲೆ ಬುಟ್ಟಿ ಹಾಕಿದಳು. "ನಾ ಹೊರಗ ಹೋದ್ರ ಬಾಗಲಾ ಯಾರ್ ಕಾಯ್ತಾರ್ರಿ?" ಅಂದಳು ಮಹಾನಂದಾ. ಹೌದು. ಆಕೆ ಹಿಂದೆಯೇ ಇರಬೇಕು. ಹಿಂದೆ ಇರುವವಳಿಗೆ ಇಡೀ ಅಂಗಳ ಕಾಣುತ್ತದೆ, ಉಳಿದ ನಾಲ್ವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಹಾಗಾದರೆ ಆಕೆ ಕೂಗಿ ಹೇಳಬೇಕು: ಬಲಕ್ಕೆ ಬಂದಳು, ಎಡಕ್ಕೆ ಸರಿ, ಬಿಡಬೇಡ.

ಅಲ್ಲಿಗೆ ಎಲ್ಲ ನಿಂತುಹೋಯಿತು. ಆಕೆಯ ಬಾಯಿಂದ ಧ್ವನಿಯೇ ಹೊರಡಲಿಲ್ಲ. ಬೈದೆ, ರಮಿಸಿದೆ, ನಾನೇ ಪಕ್ಕದಲ್ಲಿ ನಿಂತು ಕೂಗಿ ತೋರಿಸಿದೆ. ಆಕೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಊರಿನ ಕಣ್ಣಿಗೆ ಬೀಳಬಾರದೆಂದು ಹುಟ್ಟಿದಾಗಿನಿಂದ ಬೆನ್ನು ಬಗ್ಗಿಸಿ ನಡೆದವಳಿಗೆ ಈಗ ಊರಿಗೆ ಕೇಳುವಂತೆ ಕೂಗು ಎಂದರೆ ಹೇಗೆ ಕೂಗಿಯಾಳು? ನನಗೆ ಆಕೆಯ ಮೇಲೆ ಸಿಟ್ಟಿರಲಿಲ್ಲ. ಹಾಗೆ ಬಗ್ಗಿಸಿದವರ ಮೇಲಿತ್ತು.

ಆಗಸ್ಟ್ ಮುಗಿಯುತ್ತಿದ್ದಂತೆ ಹೆಸರು ಕೊಯ್ಲಿಗೆ ಬಂತು. ಆ ವರ್ಷ ಕೊಯ್ಲಿನ ನಡುವೆಯೇ ಮಳೆ ಬಿಟ್ಟುಬಿಟ್ಟು ಹಿಡಿಯಿತು. ಕಾಳು ಒಣಗಿಸಲು ಎಲ್ಲರಿಗೂ ಗಟ್ಟಿ ನೆಲ ಬೇಕು. ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಇಡೀ ಅಂಗಳದ ತುಂಬ ಹಸಿ ಹೆಸರುಕಾಳು, ಈ ರಿಂಗಿನ ಕೆಳಗಿಂದ ಆ ರಿಂಗಿನ ಕೆಳಗಿನವರೆಗೆ. ಮೂಲೆಯಲ್ಲಿ, ಮಳೆ ಬಂದರೆ ಮುಚ್ಚಲು, ತಾಡಪತ್ರಿಯ ಸುರುಳಿ. ಹುಡುಗಿಯರು ಅಂಚಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಮಹಾನಂದಾ ನೆಲ ನೋಡುತ್ತಿದ್ದಳು. ಯಾರ ಮಾಲು ಎಂದು ಕೇಳುವ ಅಗತ್ಯವಿರಲಿಲ್ಲ.

ಸೀದಾ ವೀರಭದ್ರಪ್ಪನವರ ಅಂಗಡಿಗೆ ಹೋದೆ. ಗಾದಿಯ ಮೇಲೆ ಕೂತಿದ್ದವರು ಎದ್ದು ನಿಂತರು.

"ಬರ್ರಿ ಮೇಡಂ, ಕುಂದರ್ರಿ. ಚಾ ತರಸ್ಲೇನ್ರಿ?"

"ಚಾ ಬ್ಯಾಡ್ರಿ. ಅಂಗಳ ಖಾಲಿ ಮಾಡಸ್ರಿ. ಹುಡುಗ್ಯಾರು ಆಡೂ ಜಾಗ ಅದು."

"ನಿಮ್ಮ ಚೆಂಡು ನಾಳಿಗಿನೂ ಆಡಬಹುದ್ರಿ. ನನ್ನ ಹೆಸರು ನಾಳಿಗಿ ಮೊಳಕಿ ಒಡೀತದ."

"ನಿಮ್ಮ ಮಗಳೂ ಆಡ್ತಾಳ್ರಿ ಅಲ್ಲಿ."

ಅವರು ನಕ್ಕರು. ಕೆಟ್ಟ ನಗುವಲ್ಲ, ಅದೇ ಇನ್ನೂ ಕೆಟ್ಟದ್ದು. "ಆಡ್ಲಿ ಬಿಡ್ರಿ. ಖುಷಿಗಿ ಆಡ್ತಾಳ, ಬ್ಯಾಡ ಅಂದೀನೇನ್? ಹದಿನೈದ್ ದಿನ ಆಡ್ಲಿಲ್ಲಂದ್ರ ಏನ್ ಮುಳಗ್ತದ?"

ಮಳೆಯಲ್ಲಿ ಕಾಳು ಕೆಡುತ್ತದೆ ಎಂಬುದು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಅಡತಿಯ ಧಣಿಗೆ ಗೋದಾಮು ಇತ್ತು, ಮನೆಯ ಮೇಲೆ ಮಾಳಿಗೆ ಇತ್ತು. ಕಾಲೇಜಿನ ಅಂಗಳ ಯಾಕೆ? ಕೇಳುವವರು ಯಾರೂ ಇಲ್ಲವೆಂದು. ಹುಡುಗರು ಕ್ರಿಕೆಟ್ ಆಡುವ ಮೈದಾನದಲ್ಲಿ ಒಂದು ಚೀಲ ಕಾಳು ಒಣಗಿಸಲಿ ನೋಡೋಣ! ಅಂದೇ ಬಿಟ್ಟೆ. ಅವರು ಕೈಮುಗಿದು, "ನೀವು ಓದಿಕೊಂಡವರು, ನಿಮ್ಮ ಜೋಡಿ ಮಾತಾಡಾಕ ನನಗ ಬರೂದಿಲ್ರಿ" ಎಂದು ಮಾತು ಮುಗಿಸಿಬಿಟ್ಟರು.

ಮರುದಿನ ನಾನು ಹೋಗುವಷ್ಟರಲ್ಲಿ ಮಹಾನಂದಾ ಒಬ್ಬಳೇ ಅಂಗಳದಲ್ಲಿದ್ದಳು. ಕಾಳು ಎಳೆಯುವ ಉದ್ದ ಹಿಡಿಕೆಯ ಹಲಗೆ ಹಿಡಿದು ಅರ್ಧ ಅಂಗಳದ ಹೆಸರನ್ನು ಇನ್ನರ್ಧಕ್ಕೆ ನೂಕಿ ಮುಗಿಸುತ್ತಿದ್ದಳು. ಬೆವರಿಗೆ ಜಂಪರು ಬೆನ್ನಿಗಂಟಿತ್ತು. ಯಾರು ಸುದ್ದಿ ಮುಟ್ಟಿಸಿದರೋ, ಸ್ವಲ್ಪ ಹೊತ್ತಿಗೆ ವೀರಭದ್ರಪ್ಪನವರೂ ಬಂದರು.

"ಏನ್ ಮಾಡಾಕತ್ತಿ? ಒಟ್ಟಿ ಹಾಕಿದ್ರ ಕಾವು ಹುಟ್ಟಿ ಕೆಡ್ತದ, ತಿಳಿಯೂದಿಲ್ಲೇನ್?"

ಆಕೆ ಹಲಗೆ ಬಿಡಲಿಲ್ಲ. ಏನೋ ಗೊಣಗಿದಳು.

"ಏನಂದಿ? ಜೋರಾಗಿ ಅನ್ನು!"

ಆಗ ಬಂತು ಆ ಧ್ವನಿ. ಕಾಲೇಜಿನ ಗೋಡೆಗೆ ಬಡಿದು ಹಿಂದಕ್ಕೆ ಬಂತು. "ಕಾಲೇಜ್ ಶುರು ಆಗೂದ್ರಾಗ ನಾನೇ ತಿರಗ ಹರವ್ತೇನಿ ಅಂದ್ನೆಪ್ಪಾ! ದಿನಾ ಹರವ್ತೇನಿ! ಈ ಅರ್ಧಾ ನಂದು!"

ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ವೀರಭದ್ರಪ್ಪನವರು ಮಗಳನ್ನೇ ನೋಡಿದರು. ಇಷ್ಟೆತ್ತರದವಳು ಎಂದು ಅವರಿಗೂ ಆವತ್ತೇ ಗೊತ್ತಾಗಿರಬೇಕು, ಯಾಕೆಂದರೆ ಆಕೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ಅವರು ತಿರುಗಿ ಹೋದರು. ಆಳೊಬ್ಬನನ್ನು ಕಳಿಸಬಹುದಿತ್ತು, ಕಳಿಸಲಿಲ್ಲ. ಆ ತಿಂಗಳೆಲ್ಲ ಮಗಳು ಬೆಳಿಗ್ಗೆ ಎಳೆದಳು, ಆಡಿದಳು, ಮತ್ತೆ ಹರವಿದಳು, ಆಮೇಲೆ ಬಂದು ನನ್ನ ತರಗತಿಯಲ್ಲಿ ಕೂತಳು.

ಎರಡನೆಯ ವಾರಕ್ಕೆ ಶಾಹೀನ್ ಒಂದು ಉಪಾಯ ಹುಡುಕಿದಳು. ಒಣಗಲು ಹಾಕಿದ ಕಾಳನ್ನು ಆಗಾಗ ಕಾಲಿನಿಂದ ಎಳೆಯುತ್ತ ತಿರುವಬೇಕಲ್ಲ? ಅದನ್ನೇ ನಾವು ಸರಿಯುವ ಅಭ್ಯಾಸವಾಗಿ ಮಾಡೋಣ ಅಂದಳು. ಐದೂ ಜನ ಸಾಲಾಗಿ ಮಂಡಿ ಬಗ್ಗಿಸಿ, ಬರಿಗಾಲಲ್ಲಿ ಹೆಸರಿನೊಳಗೆ ಅಡ್ಡಡ್ಡ ಸರಿದರು. ಕಾಲು ಎತ್ತಿದರೆ ಕಾಳು ಪಾದದ ಕೆಳಗೆ ಸೇರಿ ಜಾರುತ್ತದೆ. ಎತ್ತದೆ ಎಳೆದರೆ ಮಾತ್ರ ನಿಲ್ಲಬಹುದು. ನಾನು ಬಾಯಿ ನೋಯುವಂತೆ ಹೇಳಿದ್ದು ಅವರ ಪಾದಕ್ಕೆ ಹತ್ತಿತು. ವೀರಭದ್ರಪ್ಪನವರಿಗೆ ಬಹಳ ಸಂತೋಷವಾಯಿತು, ಕಾಳು ಚೆನ್ನಾಗಿ ತಿರುವಿದಂತಾಯಿತಲ್ಲ! ದಾರಿಯಲ್ಲಿ ಸಿಕ್ಕಾಗ ನನಗೆ ಹಾಗೆಂದರು ಕೂಡ. ಅವರ ಸಂತೋಷ ನೋಡಿ ನನಗೆ ಮೈ ಉರಿಯಿತು.

ಅಕ್ಟೋಬರಿನಲ್ಲಿ ಆಳಂದದಲ್ಲಿ ಪಂದ್ಯ. ಸುತ್ತಲಿನ ತಾಲೂಕುಗಳ ಕಾಲೇಜು ತಂಡಗಳು ಅಲ್ಲಿ ಆಡಬೇಕು, ಅಲ್ಲಿಯೇ ಜಿಲ್ಲೆಯ ತಂಡವನ್ನು ಆರಿಸುತ್ತಾರೆ. ಹುಡುಗಿಯರ ಜೊತೆ ಒಬ್ಬ ಲೇಡಿ ಲೆಕ್ಚರರ್ ಇರಲೇಬೇಕು ಎಂಬ ನಿಯಮವಿದ್ದದ್ದರಿಂದ ನನ್ನನ್ನು ಕಳಿಸಿದರು. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ ಆಳಂದ ಮುಟ್ಟಿದೆವು. ಮೊದಲ ಪಂದ್ಯಗಳು ಸಲೀಸಾಗಿ ಹೋದವು, ಎದುರಿನವರು ಇನ್ನೂ ಕಲಿಯುವವರು. ಕೊನೆಯ ಪಂದ್ಯ ಆಳಂದದ ತಂಡದ ಜೊತೆಗೆ. ಮಾದನಹಿಪ್ಪರಗಾ, ಸರಸಂಬಾ ಹಳ್ಳಿಗಳಿಂದಲೂ ಹುಡುಗರು ಬಂದು ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಮಹಾನಂದಾ ಅಂಗಳಕ್ಕೆ ಕಾಲಿಟ್ಟದ್ದೇ ತಡ, "ಏಣಿ ಬಂತಲೇ!" ಶುರುವಾಯಿತು.

ಮೊದಲರ್ಧ ಪಿ.ಡಿ. ಸರ್ ಮಾತೇ ಮಾತು. "ರಿಂಗಿನ ಕೆಳಗ ನಿಂದ್ರು! ಅಲ್ಲಿಂದ ಹಂದಬ್ಯಾಡ!" ನಿಂತಳು. ಮೂರು ಸೆಕೆಂಡಿನ ಸೀಟಿ ಮೇಲಿಂದ ಮೇಲೆ ಕೇಳಿತು. ತಡೆಯುವಾಗ, "ಹೊಡಿ ಚೆಂಡ! ಹೊಡಿ!" ಎಂದು ಅವರು ಕೂಗಿದರು. ಗಾಬರಿಯಾದ ಹುಡುಗಿ ಹಳೆಯ ರೂಢಿಗೆ ಬಿದ್ದು ಕೈ ಬೀಸಿದಳು. ವಿರಾಮಕ್ಕೆ ಬರುವಾಗ ಆಕೆಯ ತಲೆಯ ಮೇಲೆ ನಾಲ್ಕು ಫೌಲು. ಇನ್ನೊಂದಾದರೆ ಹೊರಗೆ. ನಾವು ಬಹಳ ಹಿಂದಿದ್ದೆವು.

ನಾನು ಹುಡುಗಿಯರನ್ನು ಹತ್ತಿರ ಕರೆದೆ. "ಹೆಸರಿನ್ಯಾಗ ಹೆಂಗ ಸರೀತಿದ್ರಿ, ಹಂಗ ಸರೀರಿ. ಮಹಾನಂದಾ, ಕೈ ಮ್ಯಾಲ, ಬಾಯಿ ಜೋರು" ಎನ್ನುತ್ತಿದ್ದಂತೆ ಪಿ.ಡಿ. ಸರ್ ನಡುವೆ ಬಂದರು.

"ಮೇಡಂ, ನೀವು ಹುಡುಗ್ಯಾರನ್ನ ಬಾತ್‌ರೂಮಿಗಿ ಕರ್ಕೊಂಡ್ ಹೋಗಾಕ ಬಂದೀರಿ. ಅಷ್ಟ್ ನೋಡ್ಕೋರಿ."

ಅಕ್ಕಪಕ್ಕದ ಮೇಷ್ಟ್ರುಗಳು ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾನಂದಾ ನನ್ನ ಮುಂದೆ ಬಂದು ನಿಂತಳು.

"ಸರ್, ನೀವಂದಂಗ ಆಡಿದ್ವಿರಿ. ಈಗ ಮೇಡಂ ಅಂದಂಗ ಆಡ್ತೇವ್ರಿ."

ಅವರು ಸೀಟಿಯನ್ನು ಕೊರಳಿಂದ ತೆಗೆದು ಬೆಂಚಿನ ಮೇಲೆ ಎಸೆದರು. "ಆಡ್ರಿ! ಸೋತ್ ಮ್ಯಾಲ ನನಗ ಹೇಳಬ್ಯಾಡ್ರಿ!"

ಆ ಎರಡನೆಯ ಅರ್ಧವನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿ ನೋಡಬಲ್ಲೆ. ಆಳಂದದ ತಂಡದಲ್ಲಿ ಎಡಗೈಯ ಒಬ್ಬ ಹುಡುಗಿಯಿದ್ದಳು, ಮೊದಲರ್ಧದಲ್ಲಿ ಬಂದುಬಂದು ಹಾಕಿ ಹೋಗಿದ್ದವಳು. ಆಕೆ ಮೊದಲ ಸಲ ಒಳಗೆ ನುಗ್ಗಿದಾಗ ಮಹಾನಂದಾ ಕೈ ಬೀಸಲಿಲ್ಲ. ಸರಿದು ಮುಂದೆ ಬಂದು, ಎರಡೂ ಕೈ ನೇರ ಮೇಲೆತ್ತಿ ನಿಂತಳು. ಎಡಗೈ ಹುಡುಗಿಗೆ ರಿಂಗು ಕಾಣಲಿಲ್ಲ, ಸುಮ್ಮನೆ ಎತ್ತಿ ಎಸೆದಳು, ಚೆಂಡು ಹಲಗೆಗೂ ತಾಗಲಿಲ್ಲ. ನಮ್ಮ ಹುಡುಗಿಯರೆಲ್ಲ ಬೆನ್ನು ಕೊಟ್ಟು ಅಡ್ಡ ನಿಂತಿದ್ದರು. ಚೆಂಡು ಬಿತ್ತು, ಮಹಾನಂದಾ ಹಿಡಿದಳು, ಗದ್ದದ ಹತ್ತಿರ ಇಟ್ಟುಕೊಂಡಳು, ಮೊಣಕೈ ಅಗಲಿಸಿದಳು, ತಿರುಗಿದಳು, ಶಾಹೀನಳಿಗೆ ಎಸೆದಳು. ಶಾಹೀನ್ ಒಬ್ಬಳೇ ಓಡಿ ಹಾಕಿದಳು.

ಆಮೇಲೆ ಆ ಧ್ವನಿ. "ಬಲಕ್ಕ ಬಂದ್ಳು, ಶಾಹೀನ್! ಬಿಡಬ್ಯಾಡ! ನಾ ಅದೀನಿ ಹಿಂದ!" ಗೋಡೆಯ ಮೇಲಿನ ಹುಡುಗರ ಕೂಗು ಅದರೊಳಗೆ ಮುಳುಗಿಹೋಯಿತು. ಎಡಗೈ ಹುಡುಗಿ ನುಗ್ಗುವುದನ್ನು ಬಿಟ್ಟು ದೂರದಿಂದ ಎಸೆಯತೊಡಗಿದಳು, ಬೀಳಲಿಲ್ಲ. ಮಹಾನಂದಾ ಆ ಅರ್ಧದಲ್ಲಿ ಹಾಕಿದ್ದು ತೀರ ಕಡಿಮೆ. ಆದರೆ ಆಕೆಯ ಮುಂದೆ ಯಾರೂ ಹಾಕಲಿಲ್ಲ. ಐದನೆಯ ಫೌಲು ಕೊನೆಯವರೆಗೂ ಬರಲಿಲ್ಲ. ನಾವು ಕೂದಲೆಳೆಯ ಅಂತರದಲ್ಲಿ ಗೆದ್ದೆವು.

ಸಂಜೆ ಆಯ್ಕೆಯ ಹೆಸರು ಓದಿದರು. ಶಾಹೀನ್ ಇದ್ದಳು. ಆಳಂದದ ಎಡಗೈ ಹುಡುಗಿಯೂ ಇದ್ದಳು, ಇರಬೇಕಾದವಳೇ. ಮಹಾನಂದಾಳ ಹೆಸರು ಬರಲೇ ಇಲ್ಲ. ಎಲ್ಲ ಮುಗಿದ ಮೇಲೆ ಆಯ್ಕೆದಾರರಲ್ಲಿ ಹಿರಿಯರಾದವರು ಮೈಕಿನ ಮುಂದೆ ನಗುತ್ತ, "ಜೇವರ್ಗಿಯ ಎತ್ತರದ ಹುಡುಗಿ ಮಹಾನಂದಾ ನಮ್ಮ ಜಿಲ್ಲಾ ತಂಡದ ಪಥಸಂಚಲನದಲ್ಲಿ ಬಾವುಟ ಹಿಡಿಯುತ್ತಾಳೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಪಿ.ಡಿ. ಸರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ನಾನು ಎದ್ದು ಆ ಹಿರಿಯರ ಮೇಜಿನವರೆಗೆ ಹೇಗೆ ಹೋದೆನೋ ಗೊತ್ತಿಲ್ಲ.

"ಆಕಿ ಯಾಕ ಆಡಬಾರದು?"

"ಆಡಾಕ ಬರಬೇಕಲ್ರಿ ಮೇಡಂ? ಎಷ್ಟ್ ಬುಟ್ಟಿ ಹಾಕ್ಯಾಳ ಹೇಳ್ರಿ?"

"ಎಷ್ಟು ಹಾಕಗೊಟ್ಟಿಲ್ಲ ಅದನ್ನ ಕೇಳ್ರಿ! ಎರಡನೇ ಅರ್ಧದಾಗ ಈ ಎಡಗೈ ಹುಡುಗಿ ರಿಂಗಿನ ಹತ್ರ ಬಂದ್ಳಾ? ಯಾಕ ಬರಲಿಲ್ಲ? ನೀವು ಆಟ ನೋಡೀರೋ, ಚೆಂಡು ನೋಡೀರೋ?"

"ಬರಕೊಳ್ಳಾಕ ಏನರೆ ಬೇಕಲ್ರಿ. ತಡದದ್ದು ಹ್ಯಾಂಗ ಬರಕೋಬೇಕು?"

"ಕಣ್ಣು ಅದಾವಲ್ಲ ನಿಮಗ!" ಎಂದು ಕೂಗಿದೆ. ಇನ್ನೂ ಏನೇನೋ ಕೂಗಿದೆ. ಮೈಕು ಚಾಲೂ ಇತ್ತಂತೆ, ಮೈದಾನಕ್ಕೆಲ್ಲ ಕೇಳಿತಂತೆ. ಪಿ.ಡಿ. ಸರ್ ನನ್ನನ್ನು ಸುಮ್ಮನಿರಿಸಲು ನೋಡಿ ಮಹಾನಂದಾಳ ಕಡೆ ತಿರುಗಿದರು: "ಬಾವುಟ ಹಿಡಿಯೂದಂದ್ರ ಮಾನದ ಕೆಲಸ ನೋಡವಾ. ಹೂಂ ಅನ್ನು."

ಆಕೆ ಮೇಜಿನ ಮುಂದೆ ನೆಟ್ಟಗೆ ನಿಂತಿದ್ದಳು. "ಬ್ಯಾಡ್ರಿ ಸರ್," ಅಂದಳು. "ನನ್ನ ಎತ್ತರಕ್ಕ ಕರೀಬ್ಯಾಡ್ರಿ. ಆಟಕ್ಕ ಕರದ್ರ ಬರ್ತೇನಿ."

ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಶಾಹೀನ್ ಅಳುತ್ತ ಹಿಂದೆ ಓಡಿದಳು.

ಆ ಗಲಾಟೆಗಾಗಿ ನನ್ನನ್ನು ಕಮಿಟಿಯ ಮುಂದೆ ಕರೆಸಿದರು. ಹಿರಿಯರಿಗೆ ಅಗೌರವ, ಹೆಣ್ಣುಮಕ್ಕಳಿಗೆ ಕೆಟ್ಟ ಮಾದರಿ, ಕಾಲೇಜಿನ ಮರ್ಯಾದೆ. ಮುಂದಿನ ಜೂನಿನಿಂದ ಅದೇ ಸಂಸ್ಥೆಯ ಅಫಜಲಪುರದ ಕಾಲೇಜಿಗೆ ವರ್ಗ ಎಂದರು. ವೀರಭದ್ರಪ್ಪನವರು ಅದೇ ಮೇಜಿನ ಸುತ್ತ ಕೂತಿದ್ದರು. ಮಗಳ ಮಾತು ನಡೆದಿತ್ತು, ಅವರು ಒಂದು ಅಕ್ಷರ ಆಡಲಿಲ್ಲ. ಹೊರಗೆ ಬಂದಾಗ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು.

"ಮೇಡಂ, ನನ್ನ ಮಗಳು ಮನ್ಯಾಗ ಈಗ ಜೋರಾಗಿ ಮಾತಾಡ್ತಾಳ್ರಿ. ನೆಟ್ಟಗ ನಡೀತಾಳ. ಅದಕ್ಕ ನಿಮಗ ಏನನ್ಬೇಕೋ ನನಗ ತಿಳೀವಲ್ದು."

"ಅನ್ನೂದಿದ್ರ ಒಳಗ ಅನ್ನಬೇಕಿತ್ರಿ," ಅಂದು ಇಳಿದುಬಿಟ್ಟೆ.

ಮರುವರ್ಷ ಆಕೆಯನ್ನು ಆಟಕ್ಕೇ ಆರಿಸಿದರು. ಆ ಸಲ ಆಯ್ಕೆದಾರರಲ್ಲಿ ಒಬ್ಬ ಹೆಂಗಸಿದ್ದರು, ಅವರು ಚೆಂಡಿಲ್ಲದವರ ಕಾಲು ನೋಡುತ್ತಿದ್ದರು. ಮಹಾನಂದಾ ಜಿಲ್ಲೆಗೆ ಆಡಿದಳು, ಆಮೇಲೆ ವಿಶ್ವವಿದ್ಯಾಲಯಕ್ಕೆ ಆಡಿದಳು, ಕೊನೆಗೆ ತಾನೇ ದೈಹಿಕ ಶಿಕ್ಷಣದ ಶಿಕ್ಷಕಿಯಾದಳು. ಕೇಳಿದವರೆಲ್ಲ "ಕೊನಿಗಿ ಛಲೋ ಆತಲ್ರಿ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಕಿತ್ತುಕೊಂಡವರು ತಿಳಿಯಲಿಲ್ಲ, ಯಾರೂ ಅವರನ್ನು ಕೇಳಲೂ ಇಲ್ಲ. ಆ ಹಿರಿಯ ಆಯ್ಕೆದಾರರು ಶಾಲು ಹೊದಿಸಿಕೊಂಡೇ ನಿವೃತ್ತರಾದರು. ಪಿ.ಡಿ. ಸರ್ ಎಲ್ಲ ಕಡೆ, "ನಮ್ಮ ಹುಡುಗಿ, ನಾನೇ ತಯಾರ್ ಮಾಡಿದ್ದು" ಎಂದು ಹೇಳಿಕೊಂಡು ತಿರುಗಿದರು.

ಆದರೆ ಆ ಮರುವರ್ಷದ ಆಯ್ಕೆಗೂ ಮೊದಲು ಒಂದು ದಿನ ಜೇವರ್ಗಿ ತಂಡ ಅಫಜಲಪುರಕ್ಕೆ ಆಡಲು ಬಂತು. ನಾನು ತರಗತಿಯಿಂದ ಹೊರಗೆ ಬರುವ ಮೊದಲೇ ಅಂಗಳದಿಂದ ಆ ಧ್ವನಿ ಗೋಡೆಗೆ ಬಡಿದು ಕೇಳಿತು: "ಬಿಡಬ್ಯಾಡ! ನಾ ಅದೀನಿ ಹಿಂದ!"